ಎಣ್ಣೆ ಹಚ್ಚಿದ ಫೈಬರ್ ಸರಳು

ನಾನು ಮೊದಲಿನಿಂದಲೂ ಪುಕ್ಕಲಿ. ಇಂಜಿನಿಯರ್ ಆದ ಮೇಲೂ ಪುಕ್ಕಲುತನ ಹೋಗಲಿಲ್ಲ, ತಲೆಯ ಮೇಲೊಂದು ಹೆಲ್ಮೆಟ್ ಬಂತು ಅಷ್ಟೆ. ಅಪ್ಪ ಕಲಬುರಗಿಯಲ್ಲಿ ಹೆಸರಾದ ಸೆಂಟ್ರಿಂಗ್ ಮೇಸ್ತ್ರಿ, ಕಾಂಕ್ರೀಟಿಗೆ ಹಲಗೆ ಕಟ್ಟುವವನು. ಕಮಲಾಪುರದಲ್ಲಿ ನೆಲದೊಳಗಿನ ನೀರಿನ ಟ್ಯಾಂಕ್ ಕಟ್ಟುವ ಕೆಲಸ ಬಂದಾಗ ಇಂಜಿನಿಯರ್ ನಾನು, ಮೇಸ್ತ್ರಿ ಅವನು. ಆಳುಗಳ ಮುಂದೆ ನನ್ನನ್ನು ‘ಮೇಡಂ’ ಎಂದೇ ಕರೆಯುತ್ತಿದ್ದ. ಅದರಲ್ಲಿ ಅರ್ಧ ಹೆಮ್ಮೆ, ಅರ್ಧ ಕೀಟಲೆ.

ಗೋಡೆಗೆ ಕಾಂಕ್ರೀಟ್ ಸುರಿಯುವಾಗ ಎರಡೂ ಬದಿಯ ಹಲಗೆಗಳು ಬಾಯಿ ಬಿಡದಂತೆ ನಡುವೆ ಅಡ್ಡ ಸರಳು ಹಾಯಿಸಿ ಹೊರಗಿನಿಂದ ಬಿಗಿಯುತ್ತಾರೆ. ಕಬ್ಬಿಣದ ಸರಳಾದರೆ ಮರುದಿನ ಸಲೀಸಾಗಿ ಎಳೆದು ತೆಗೆಯಲೆಂದು ಹಳೆಯ ಇಂಜಿನ್ ಎಣ್ಣೆ ಹಚ್ಚುವುದು ರೂಢಿ. ತುದಿಗೆ ನಟ್ ಇರುವುದರಿಂದ ಅದು ಜಾರುವುದಿಲ್ಲ. ಆದರೆ ಸರಳು ಎಳೆದ ತೂತುಗಳಿಂದ ಆಮೇಲೆ ನೀರು ಸೋರುತ್ತದೆ. ನಂದೂರಿನ ಟ್ಯಾಂಕೊಂದರಲ್ಲಿ ನಾವೇ ಅದನ್ನು ಅನುಭವಿಸಿದ್ದೆವು. ಅದಕ್ಕೇ ಈ ಸಲ ಹಟ ಹಿಡಿದು ಫೈಬರ್ ಸರಳು ತರಿಸಿದ್ದೆ. ಅದು ಗೋಡೆಯೊಳಗೇ ಉಳಿಯುತ್ತದೆ, ತುಕ್ಕು ಹಿಡಿಯುವುದಿಲ್ಲ. ನಟ್ ಇಲ್ಲ, ಹಲಗೆಯ ಹೊರಗಿನ ಕ್ಲಾಂಪು ಸರಳನ್ನು ಕಚ್ಚಿ ಹಿಡಿಯಬೇಕು. ಎಣ್ಣೆ ತಾಗಿದರೆ ಕಚ್ಚುವುದಿಲ್ಲ.

ಮುಂಜಾನೆ ಹೋಗಿ ನೋಡಿದರೆ ಅಪ್ಪ ಚಿಂದಿ ಹಿಡಿದು ಒಂದೊಂದೇ ಸರಳಿಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದ.

ಹೇಳಬೇಕಿತ್ತು. ಸುತ್ತ ಆಳುಗಳಿದ್ದರು. ಈ ಕೆಲಸದಿಂದಲೇ ನನ್ನನ್ನು ಓದಿಸಿದವನಿಗೆ, ಅವರೆಲ್ಲರ ಮುಂದೆ, ನಿನಗೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅವನು ಚಹಾ ಕುಡಿಯಲು ಹೋದಾಗ ಕಳ್ಳಿಯ ಹಾಗೆ ಓಡಿ, ವೇಲಿನಿಂದ ಆರೇಳು ಸರಳು ಒರೆಸಿದೆ. ಉಳಿದವಕ್ಕೆ ಏನೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನ ಕಾಂಕ್ರೀಟ್ ಪಂಪು ಶುರುವಾಯಿತು. ಕ್ಲಾಂಪು ನೋಡಿಕೊಳ್ಳಲು ಅಪ್ಪ ಹಲಗೆಗೂ ಅಗೆದ ಮಣ್ಣಿಗೂ ನಡುವಿನ ಸಂದಿಗೆ ಇಳಿದ. ಒಬ್ಬ ಮನುಷ್ಯ ಅಡ್ಡಡ್ಡವಾಗಿ ನಿಲ್ಲುವಷ್ಟೇ ಜಾಗ. ನಾನು ಮೇಲೆ ನಿಂತು ಕ್ಲಾಂಪುಗಳ ಮೇಲೇ ಕಣ್ಣಿಟ್ಟೆ. ಹಲಗೆಯೊಳಗಿನ ಕಾಂಕ್ರೀಟ್ ಅವನ ಎದೆಯ ಮಟ್ಟಕ್ಕೆ ಏರಿದಾಗ ಮೊಣಕಾಲ ಹತ್ತಿರದ ಕ್ಲಾಂಪೊಂದು ಬೆರಳಷ್ಟು ಜಾರಿತು. ಹಲಗೆ ಹೊಟ್ಟೆ ಬಿಟ್ಟಿತು. ಅಪ್ಪ ಬಗ್ಗಿ ಬಿಗಿಯತೊಡಗಿದ. ಪಕ್ಕದ್ದೂ ಜಾರಿತು.

“ಪಂಪ್ ಬಂದ್ ಮಾಡ್ರೀ! ಅಪ್ಪಾ, ಮ್ಯಾಲ ಬಾ!”

“ಏನೂ ಆಗಲ್ಲ, ಬಿಗೀಲಾಕತ್ತೀನಿ.”

“ಅದಕ್ಕ ಎಣ್ಣಿ ಹಚ್ಚಬಾರದಿತ್ತು! ನಿನಗ ಗೊತ್ತಿಲ್ಲ! ಬಾ ಮ್ಯಾಲ!”

ಆಳುಗಳೆಲ್ಲ ನಮ್ಮ ಕಡೆ ತಿರುಗಿದರು. ಅಪ್ಪ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ. ಆಮೇಲೆ ಏಣಿ ಹಿಡಿದ. ಅವನು ಕೊನೆಯ ಮೆಟ್ಟಿಲಿನಲ್ಲಿದ್ದಾಗ ಹಲಗೆಗಳು ಬಾಯಿ ಬಿಟ್ಟು, ಎದುರಿನ ಮಣ್ಣಿಗೆ ಬಡಿದು ನಿಂತವು. ಅವನು ನಿಂತಿದ್ದ ಸಂದಿಯೇ ಇಲ್ಲವಾಯಿತು.

ಬೇವಿನ ನೆರಳಲ್ಲಿ ಕುಳಿತು ಅಪ್ಪ ನೀರು ಕುಡಿದ. ಅರ್ಧ ಅಂಗಿಯ ಮೇಲೇ ಚೆಲ್ಲಿತು.

“ಆರೇಳು ರಾಡ್ ಒಣಗಿದ್ದು ಕಂಡ್ವು. ನಾನೇ ಮರ್ತೀನಿ ಅಂತ ಮತ್ತ ಹಚ್ಚಿದೆ. ನೀ ಒರಸಿದ್ದೇನು?”

ಹೂಂ ಅಂದೆ.

“ಮತ್ತ ಬಾಯಿಬಿಟ್ಟು ಯಾಕ ಹೇಳಲಿಲ್ಲ?”

“ಮಂದಿ ಮುಂದ ಹ್ಯಾಂಗ ಹೇಳ್ಲಿ ಅಪ್ಪಾ. ನಿನ್ನ ಮರ್ಯಾದಿ…”

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಬಹಳ ಮೆತ್ತಗೆ ಕೇಳಿದ:

“ಮರ್ಯಾದಿ ಉಳಿಸಿ, ಮನಿಗಿ ಹೆಣಾ ಒಯ್ತಿದ್ದೇನವ್ವಾ?”

ಮಹಾಗಾಂವ ದಾಟಿ ಕಲಬುರಗಿ ಬರುವವರೆಗೂ ಬೈಕಿನ ಹಿಂದೆ ಕುಳಿತು ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದಿದ್ದೆ.