ದವಡೆಯ ಮೇಲಿನ ಪಂದ್ಯ

ವಿನೋಬನಗರದಲ್ಲಿ ನನಗೆ ಶೇವಿಂಗ್ ಮಾಡುತ್ತಿದ್ದ ಕ್ಷೌರಿಕರು ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅವರಿಗೆ ಬಾಕ್ಸಿಂಗ್ ಹುಚ್ಚು. ಅಂಗಡಿಯ ಕನ್ನಡಿಯ ಪಕ್ಕದಲ್ಲಿ ಹಳೇ ಕಾಲದ ಒಬ್ಬ ಚಾಂಪಿಯನ್ನನ ಪಟವಿತ್ತು. ಮೊಬೈಲಿನಲ್ಲಿ ನೋಡಿದ ಈಗಿನ ದೈತ್ಯರನ್ನೆಲ್ಲ ದಿನಕ್ಕೊಬ್ಬರಂತೆ ಆ ಪಟದವನ ಎದುರು ಕಣಕ್ಕಿಳಿಸುತ್ತಿದ್ದರು. ಕಣವೆಂದರೆ ನನ್ನ ಮುಖ. ಎಡಗೆನ್ನೆ ಈಗಿನವನದು, ಬಲಗೆನ್ನೆ ಹಳಬನದು. ಕತ್ತಿಗಂಟಿದ ನೊರೆಯನ್ನು ಅಂಗೈಗೆ ಒರೆಸಿಕೊಂಡರೆ ಒಂದು ರೌಂಡ್ ಮುಗಿದಂತೆ.

“ಎತ್ತರ ಇದ್ರೇನಾಯ್ತು ಸಾರ್, ದವಡೆ ಇರೋ ಜಾಗದಲ್ಲೇ ಇರುತ್ತಲ್ಲ!” ಎನ್ನುತ್ತ ಕತ್ತಿ ಹಿಡಿದ ಕೈಯಲ್ಲೇ ಗಾಳಿಗೆ ಗುದ್ದುತ್ತಿದ್ದರು. ನಾನು ಉಗುಳು ನುಂಗಲೂ ಹೆದರಿ ಕೂತಿರುತ್ತಿದ್ದೆ. ಕೊನೆಯ ರೌಂಡ್ ಯಾವಾಗಲೂ ಕುತ್ತಿಗೆಯ ಮೇಲೆ. ಅಲ್ಲಿ ಹಳಬ ಎಂದೂ ಸೋತಿರಲಿಲ್ಲ. ಸೋಲುತ್ತಾನೆ ಎನ್ನುವ ಧೈರ್ಯ ಯಾವ ಗಿರಾಕಿಗೂ ಇರಲಿಲ್ಲ.

ನಾನು ಕೊನೆಯ ಸಲ ಹೋದಾಗ ಅವರು ಯಾರನ್ನೂ ಕಣಕ್ಕಿಳಿಸಲಿಲ್ಲ. ಎರಡೂ ಕೆನ್ನೆ ಮುಗಿಸಿ ಕತ್ತಿಯನ್ನು ಗಂಟಲಿಗೆ ತಂದರು. ಅದರ ಅಂಚು ಸಣ್ಣಗೆ ನಡುಗುತ್ತಿರುವುದು ನನ್ನ ಚರ್ಮಕ್ಕೆ ತಿಳಿಯಿತು.

“ನೀವೇ ಹೇಳಿ ಸಾರ್, ಈಗಿನೋರ ಮುಂದೆ ನಮ್ಮೋನು ನಿಲ್ತಾನಾ?”

ಅವರು ಹಾಗೆ ಕೇಳಿದ್ದು ಅದೇ ಮೊದಲು.

“ನಿಲ್ತಾನೆ. ಅವನೇ ಗೆಲ್ಲೋದು” ಎಂದೆ, ತುಟಿ ಅಲುಗದಂತೆ.

ಅವರು ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡಿದರು. ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು.

“ಹೆದ್ರಿಕೊಂಡು ಹೇಳ್ತಿದೀರಿ” ಎಂದು ಕತ್ತಿಯನ್ನು ಮಡಚಿಟ್ಟರು.

ಕೊನೆಯ ರೌಂಡಿನ ನೊರೆ ನನ್ನ ಕುತ್ತಿಗೆಯ ಮೇಲೆ ಹಾಗೇ ಒಣಗತೊಡಗಿತು.