ಪಿಟೀಲಿಗೆ ಮೊದಲು ಎರಡು ಗುಟುಕು

ಫತೇಗಂಜ್ ಬಡಾವಣೆಯಲ್ಲಿ ಮಕ್ಕಳ ಕನ್ಚರ್ಟೊ ಸ್ಪರ್ಧೆ, ಅಂದರೆ ಪಿಯಾನೋ ಜೊತೆ ಒಬ್ಬೊಬ್ಬರೇ ವಾದ್ಯ ನುಡಿಸುವ ಪಾಶ್ಚಾತ್ಯ ಸಂಗೀತ. ಹೆಸರು ಕರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ನನಗೆ ಗೊತ್ತಿದ್ದದ್ದು ಭಜನೆ ಮಾತ್ರ. ನಮ್ಮ ಬ್ಯಾಂಕಿನ ಕುಲಕರ್ಣಿಯವರ ಮಗಳು ಅನನ್ಯಾ ಪಿಟೀಲು ಹಿಡಿದು ವೇದಿಕೆಗೆ ಬಂದಳು. ಪಿಯಾನೋದವರು ನುಡಿಸತೊಡಗಿದರು. ಇವಳು ಮಾತ್ರ ಪಿಟೀಲು ಇಳಿಬಿಟ್ಟು ಸುಮ್ಮನೆ ನಿಂತಿದ್ದಳು. ಒಂದು ನಿಮಿಷವಾಯಿತು, ಎರಡಾಯಿತು. ಮಗು ಹೆದರಿ ಎಲ್ಲ ಮರೆತಿದೆ ಅಂದುಕೊಂಡೆ. ತಡೆಯಲಾಗದೆ ನೀರಿನ ಲೋಟ ಹಿಡಿದು ವೇದಿಕೆ ಹತ್ತಿಯೇಬಿಟ್ಟೆ.

“ಹೆದರಬೇಡ ಪುಟ್ಟಿ, ಶುರು ಮಾಡು.”

“ಅಂಕಲ್, ಈಗ ಪಿಯಾನೋ ಮಾತ್ರ. ನಂದು ಆಮೇಲೆ,” ಎಂದು ಪಿಸುಗುಟ್ಟಿದಳು. ಪಾಪ, ನನ್ನ ಮಾನ ಉಳಿಸಲು ಎರಡು ಗುಟುಕು ಕುಡಿದು ಲೋಟ ವಾಪಸು ಕೊಟ್ಟು, ಸರಿಯಾದ ಗಳಿಗೆಗೆ ಕಮಾನು ಎತ್ತಿದಳು.

ಬೆವರೊರೆಸಿಕೊಂಡು ಮುಂದಿನ ಹೆಸರು ಕರೆದೆ. ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡಿದ್ದ ಸೂರತ್ತಿನ ಹುಡುಗಿಯೊಬ್ಬಳು ವೇದಿಕೆಗೆ ಬಂದು, ಪಿಯಾನೋ ಶುರುವಾದ ಕೂಡಲೇ ನನ್ನ ಕಡೆ ತಿರುಗಿ ನೀರಿಗೆ ಕೈ ಚಾಚಿದಳು.