ಗರಗಸ ನಿಲ್ಲುವವರೆಗೆ ಕಾಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಊರವರೆಲ್ಲ ಗರಗಸದಕ್ಕ ಎಂದು ಕರೆಯುವ ಅಕ್ಕ ಕೈಬಳೆ ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ, ಜಡೆಯನ್ನು ಗಂಟು ಹಾಕುತ್ತಾರೆ, ಕಣ್ಣಿಗೆ ದಪ್ಪ ಕನ್ನಡಕ ಏರಿಸುತ್ತಾರೆ. ಉದ್ದನೆಯ ಮರದ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟು, ಅಲುಗಾಡದಂತೆ ತಿರುಪು ಬಿಗಿಯುತ್ತಾರೆ. ಗುಂಡಿ ಒತ್ತಿದರೆ ಗರಗಸದ ಚಕ್ರ ಕೂಗುತ್ತಾ ಕೆಳಗಿಳಿಯುತ್ತದೆ, ಬೆರಳುದ್ದದ ತುಂಡೊಂದು ಬೇರೆಯಾಗುತ್ತದೆ. ಅಕ್ಕ ಅದನ್ನು ಮುಟ್ಟುವುದಿಲ್ಲ. ಗುಂಡಿ ಬಿಟ್ಟು, ಗರಗಸದ ಹಿಡಿಯನ್ನು ಕೆಳಗೇ ಅದುಮಿಕೊಂಡು ನಿಲ್ಲುತ್ತಾರೆ. ಕೂಗು ಗುನುಗಾಗಿ, ಗುನುಗೂ ಅಡಗಿ, ಚಕ್ರದ ಹಲ್ಲುಗಳು ಒಂದೊಂದಾಗಿ ಕಂಡ ಮೇಲೆಯೇ ಹಿಡಿ ಮೇಲೇಳುತ್ತದೆ. ತುಂಡನ್ನು ಕೋಲಿನಿಂದ ಬುಟ್ಟಿಗೆ ತಳ್ಳುತ್ತಾರೆ. ಪಟ್ಟಿ ಮತ್ತೆ ಮುಂದಕ್ಕೆ.

"ನಿಂತು ನೋಡೋರಿಗೆ ಬೇಜಾರಾಗತ್ತೆ. ನಂಗೆ ಅದೇ ಉಸಿರಾಡೋ ಹೊತ್ತು" ಎಂದು ನಗುತ್ತಾರೆ.

ಕಚೇರಿಗಳಲ್ಲಿ ಕಾಗದದ ಮೇಲೆ ಠಪ್ಪೆಂದು ಒತ್ತುವ ರಬ್ಬರ್ ಸೀಲಿನ ಮರದ ಮೈ ಈ ತುಂಡು. ದಿನಕ್ಕೆ ನಾಲ್ಕೈದು ನೂರು ತುಂಡು ಈ ಶೆಡ್ಡಿನಿಂದ ಹೊರಬೀಳುತ್ತವೆ. ಮೂಲೆಯಲ್ಲಿ ಕೂತ ಅಕ್ಕನ ಯಜಮಾನರು ಅವುಗಳ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುತ್ತಾರೆ. ಕೊಯ್ಯುವವರು ಮೊದಲು ಅವರೇ. ಉಜ್ಜುವ ಕೆಲಸ ಅಕ್ಕನದಾಗಿತ್ತು. ಅದು ಅದಲುಬದಲಾದದ್ದು ಆರು ವರ್ಷದ ಹಿಂದೆ.

ಅಂದು ಯಜಮಾನರಿಗೆ ಅವಸರವಿತ್ತು. ಎಲ್ಲ ತುಂಡೂ ಒಂದೇ ಅಳತೆಗೆ ಬರಲೆಂದು ಚಕ್ರದ ಆಚೆ ಬದಿಗೆ, ಪಟ್ಟಿಯ ತುದಿ ತಾಗಿ ನಿಲ್ಲುವ ಹಾಗೆ, ಒಂದು ಅಡ್ಡಗಟ್ಟೆ ಬಿಗಿದಿದ್ದರು. ಕೊಯ್ದ ತುಂಡು ಚಕ್ರಕ್ಕೂ ಆ ಕಟ್ಟೆಗೂ ನಡುವೆ ಸಿಕ್ಕಿಕೊಂಡಿತು. ತಿರುಗುತ್ತಿದ್ದ ಚಕ್ರವನ್ನು ಹಾಗೇ ಮೇಲೆತ್ತಿದ್ದೇ ತಡ, ತುಂಡು ಗುಂಡಿನಂತೆ ಹಾರಿ ಹುಬ್ಬಿಗೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡ ಮೇಲೆ ಗಾಯ ಮಾಯಿತು, ಕಣ್ಣೂ ಉಳಿಯಿತು. ಆದರೆ ಅಲ್ಲಿಂದಾಚೆಗೆ ಗರಗಸದ ಸದ್ದು ಕೇಳಿದರೆ ಸಾಕು, ಅವರ ಕೈ ತಾನಾಗಿಯೇ ನಡುಗುತ್ತಿತ್ತು. ಯಂತ್ರಕ್ಕೆ ಗೋಣಿ ಹೊದಿಸಿಟ್ಟರು.

ಒಲೆ ಉರಿಯಬೇಕಲ್ಲ. "ನಂಗೆ ಕಲಿಸ್ರಿ" ಎಂದು ಅಕ್ಕ ಕೇಳಿದರು. "ಮನೇಲಿ ಒಬ್ಬರಿಗೆ ಆಗಿದ್ದು ಸಾಲದಾ?" ಎಂದು ಯಜಮಾನರು ಮುಖ ತಿರುಗಿಸಿದರು. ಗಂಡ ಹೆಂಡತಿ ಮಾತು ಬಿಟ್ಟು ಎರಡು ದಿನವಾದ ಮೇಲೆ ಅತ್ತೆ ಮಗನತ್ತ ತಿರುಗಿ ಬಾಯಿಬಿಟ್ಟರು.

"ಲೋ, ನಿಂಗೆ ಎಲ್ಲೆಲ್ಲಿ ಭಯ ಆಗತ್ತೋ ಅದನ್ನೇ ಅವಳಿಗೆ ಹೇಳಿಕೊಡು. ಅದಕ್ಕಿಂತ ಒಳ್ಳೇ ಪಾಠ ಯಾವುದಿದೆ?"

ಹಾಗೇ ಆಯಿತು. ತಂತಿ ಕಿತ್ತಿಟ್ಟ ಯಂತ್ರದ ಮುಂದೆ ವಾರಗಟ್ಟಲೆ ಅಭ್ಯಾಸ. ಭಯ ಒಂದೊಂದಕ್ಕೂ ಅಕ್ಕ ಒಂದೊಂದು ಉಪಾಯ ಹೂಡಿದರು. ಅಡ್ಡಗಟ್ಟೆಗೆ ಕೀಲು ಹಾಕಿಸಿದರು. ಅಳತೆ ಹಿಡಿದ ಮೇಲೆ ಅದನ್ನು ಮೇಲಕ್ಕೆ ಮಡಚುತ್ತಾರೆ, ತುಂಡಿಗೆ ಆಚೆ ಸರಿಯಲು ಜಾಗ ಸಿಗುತ್ತದೆ. ಮರ ಹಿಡಿಯುವುದು ತಿರುಪಿನ ಕೆಲಸ, ಕೈಯದಲ್ಲ. ಮೇಜಿನ ಮೇಲೆ ಕೆಂಪು ಗೆರೆ ಬಳಿದಿದ್ದಾರೆ. ಚಕ್ರ ತಿರುಗುವಾಗ ಬೆರಳು ಅದನ್ನು ದಾಟುವುದಿಲ್ಲ. ಪಟ್ಟಿ ಗೇಣುದ್ದಕ್ಕೆ ಇಳಿದರೆ ಕೊಯ್ಯುವುದೇ ಇಲ್ಲ, ಬದಿಗೆಸೆಯುತ್ತಾರೆ.

ಮರ ಕೊಟ್ಟು ತುಂಡು ಒಯ್ಯುವ ಸೀಲಿನಂಗಡಿಯವರಿಗೆ ಇದು ನುಂಗಲಾರದ ತುತ್ತು. "ಇಷ್ಟು ಮರ ಹಾಳು ಮಾಡ್ತೀರಲ್ಲಮ್ಮ!" ಎಂದು ಬಂದಾಗಲೆಲ್ಲ ಗೊಣಗುತ್ತಾರೆ.

"ಹಾಳಲ್ಲ ಸಾರ್, ಅದು ನನ್ನ ಬೆರಳಿನ ಪಾಲು" ಎನ್ನುತ್ತಾರೆ ಅಕ್ಕ.

ಹೋದ ತಿಂಗಳು ಅಕ್ಕ ಜ್ವರದಿಂದ ಹಾಸಿಗೆ ಹಿಡಿದರು. ಕೊಡಬೇಕಾದ ಬುಟ್ಟಿ ಅರ್ಧಕ್ಕೇ ನಿಂತಿತ್ತು. ಅಂಗಡಿಯವರು ಬಾಗಿಲಲ್ಲೇ ನಿಂತು, ಇವತ್ತು ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಶೆಡ್ಡಿನಲ್ಲಿ ಗರಗಸ ಕೂಗಿತು. ಅಕ್ಕ ಹೊದಿಕೆ ಸರಿಸಿ ಎದ್ದರು. ಗೋಡೆ ಹಿಡಿದುಕೊಂಡು ಹೋದರು. ಬಾಗಿಲಿನಾಚೆ ಯಜಮಾನರ ಬೆನ್ನು ಕಂಡಿತು, ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಕೂಗಬೇಕೆಂದು ಬಾಯಿ ತೆರೆದವರು ಸೆರಗು ಕಚ್ಚಿ ಸುಮ್ಮನಾದರು. ಕೊಯ್ಯುವವರನ್ನು ಹಿಂದಿನಿಂದ ಕರೆಯಬಾರದೆಂದು ಅಕ್ಕನಿಗೆ ಕಲಿಸಿದವರೇ ಯಜಮಾನರು.

ಚಕ್ರ ಇಳಿಯಿತು. ತುಂಡು ಬೇರೆಯಾಯಿತು. ಯಜಮಾನರು ಗುಂಡಿ ಬಿಟ್ಟು ಕಾದರು. ಸದ್ದು ಪೂರ್ತಿ ಅಡಗಿದ ಮೇಲೂ ಇನ್ನಷ್ಟು ಹೊತ್ತು ಕಾದರು. ಆಮೇಲೆ ಹಿಡಿ ಎತ್ತಿ, ತಿರುಗಿ, ಹೆಂಡತಿಯನ್ನು ಕಂಡರು.

"ನಿನ್ನ ಹಾಗೆ ಬರಲ್ಲ ಕಣೇ. ಕೈ ನಡುಗತ್ತೆ."

"ನಡುಗಲಿ ಬಿಡ್ರೀ. ಮರ ಹಿಡಿದಿರೋದು ತಿರುಪು, ನೀವಲ್ಲ. ಇನ್ನೊಂದು ಕೊಯ್ಯಿರಿ."

ಆ ದಿನ ಅವರು ಕೊಯ್ದದ್ದು ಒಂದು ಬೊಗಸೆಯಷ್ಟು. ಅಂಗಡಿಯವರು ಸಿಡಿಮಿಡಿಗೊಂಡರೂ ಉಳಿದದ್ದಕ್ಕೆ ಎರಡು ದಿನ ಕಾದರು. ಬೇರೆ ಕಡೆ ಇಷ್ಟು ಸಮನಾದ ತುಂಡು ಸಿಗುವುದಿಲ್ಲವೆಂದು ಅವರಿಗೂ ಗೊತ್ತು. ಈಗ ದಿನವೂ ತಿಂಡಿಯಾದ ಮೇಲೆ ಯಜಮಾನರು ಸ್ವಲ್ಪ ಹೊತ್ತು ಗರಗಸದ ಮುಂದೆ ನಿಲ್ಲುತ್ತಾರೆ. ಅಷ್ಟು ಹೊತ್ತು ಅಕ್ಕ ಶೆಡ್ಡಿನ ಬಾಗಿಲಾಚೆ ಉಪ್ಪುಕಾಗದ ಹಿಡಿದು ಕೂರುತ್ತಾರೆ. ಕಣ್ಣು ಮಾತ್ರ ಗರಗಸದ ಕಡೆಗೇ.

ಇನ್ನೇನು ಆಸೆ ಇದೆ ಎಂದು ಯಾರಾದರೂ ಕೇಳಿದರೆ ಅಕ್ಕ ಹುಬ್ಬು ಕುಣಿಸಿ, ಗರಗಸದ ಕೂಗು ಗುನುಗಾಗುವವರೆಗೆ ಕಾದು, ಶೆಡ್ಡಿಗೆ ಕೇಳಿಸುವಷ್ಟು ದನಿ ಎತ್ತುತ್ತಾರೆ: "ನಂಗೇನು ಬೇಕು? ಇವರು ಇನ್ನೊಂದಿಷ್ಟು ಹೊತ್ತು ನಿಂತರೆ, ಮಧ್ಯಾಹ್ನ ಒಂದು ಗಡದ್ದಾದ ನಿದ್ದೆ ಹೊಡೀಬಹುದಿತ್ತು."

ಒಳಗೆ ಗರಗಸ ಪೂರ್ತಿ ನಿಂತ ಮೇಲೆ ಯಜಮಾನರ ದನಿ ಬರುತ್ತದೆ: "ಹೋಗಿ ಮಲಗೇ. ಯಾರು ಬೇಡ ಅಂದ್ರು?"